ಎಡದ ಕಿಟಕಿ, ಬಲದ ಕಿಟಕಿ

ತ್ರೀಡಿ ಸಿನಿಮಾದ ಕನ್ನಡಕ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಎಡಗಣ್ಣು ಮುಚ್ಚಿದರೆ, ಕನ್ನಡಿಯಲ್ಲಿ ಕಾಣುವುದು ಆ ಮುಚ್ಚಿದ ಕಣ್ಣು ಮಾತ್ರ. ನೋಡುತ್ತಿರುವ ಬಲಗಣ್ಣಿನ ಜಾಗದಲ್ಲಿ ಮಸಿ ಬಳಿದ ಹಾಗೆ ಕಪ್ಪು. ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರೆ ಕಪ್ಪು ಕೂಡ ಆ ಕಡೆಗೆ ಸರಿಯುತ್ತದೆ.

ಹೋದ ತಿಂಗಳು ಸಿನಿಮಾ ಮುಗಿದ ಮೇಲೆ, ಕನ್ನಡಕ ಹಿಂದಿರುಗಿಸುವ ಮೊದಲು, ಚಿತ್ರಮಂದಿರದ ಕೈತೊಳೆಯುವ ಜಾಗದಲ್ಲಿ ನಾನು ಹೀಗೆ ಒಂದೊಂದೇ ಕಣ್ಣು ಮುಚ್ಚಿ ತೆರೆಯುತ್ತಿದ್ದುದನ್ನು ಜೊತೆಗೆ ಬಂದಿದ್ದ ಸಹೋದ್ಯೋಗಿ ನೋಡಿದಳು. ಏನಾಯಿತು ಎಂದಳು. ಕನ್ನಡಕ ಯಾವ ಜಾತಿಯದು ಎಂದು ನೋಡುತ್ತಿದ್ದೇನೆ ಎಂದೆ. ಸಿನಿಮಾ ಮುಗಿದ ಮೇಲೆಯೇ ಎಂದು ನಕ್ಕಳು. ನಾನು ವಿವರಿಸಲು ಹೋಗಲಿಲ್ಲ. ವಿವರಿಸಬೇಕಾದರೆ ಬೈಲಹೊಂಗಲದ ಒಂದು ಮಳೆಗಾಲವನ್ನು ಪೂರ್ತಿ ಹೇಳಬೇಕಾಗುತ್ತಿತ್ತು. ಇಲ್ಲಿ ಹೇಳುತ್ತೇನೆ.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಆ ವರ್ಷ ಬೈಲಹೊಂಗಲದ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ನನ್ನ ಊರು ರಾಮದುರ್ಗ. ಅಲ್ಲಿ ಅಪ್ಪನದು ಬೀಜ-ಗೊಬ್ಬರದ ಅಂಗಡಿ. ಬೈಲಹೊಂಗಲಕ್ಕೆ ಬರುವಾಗ ನನ್ನ ಚೀಲದಲ್ಲಿ, ಹತ್ತಿಯಲ್ಲಿ ಸುತ್ತಿದ ಎರಡು ಚಿಕ್ಕ ಶೀಶೆಗಳಿದ್ದವು. ಎರಡರಲ್ಲೂ ಚಿಟಿಕೆಯಷ್ಟು ಹಳದಿ ಪುಡಿ. ಓದುವಾಗ ನಾನು ತಯಾರಿಸಿದ ಅಣು ಅದು. ಉಂಗುರಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಕೊನೆಗೆ ಜಾಗ ಸಾಲದೆ ಸುರುಳಿ ಮೆಟ್ಟಿಲಿನಂತೆ ಮೇಲೇರುವ ಆಕಾರ. ಮೆಟ್ಟಿಲು ಎಡಕ್ಕೂ ಏರಬಹುದು, ಬಲಕ್ಕೂ ಏರಬಹುದು. ಒಂದು ಶೀಶೆಯಲ್ಲಿ ಎಡದ್ದು, ಇನ್ನೊಂದರಲ್ಲಿ ಬಲದ್ದು. ನಮ್ಮ ಎರಡು ಕೈಗಳ ಹಾಗೆ ಅವು ಒಂದು ಇನ್ನೊಂದರ ಕನ್ನಡಿಯ ಬಿಂಬ.

ಇಂಥ ಅಣುಗಳಿಗೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಹಾಯಿಸಿದರೆ ಅವು ತಮ್ಮದೇ ಬಣ್ಣದಲ್ಲಿ ಹೊಳೆಯುತ್ತವೆ. ಆ ಹೊಳಪು ಮುಂದೆ ಸಾಗುತ್ತಲೇ ತಿರುಪಿನ ಹಾಗೆ ಸುತ್ತುತ್ತದೆ. ಎಡಕ್ಕೆ ಸುತ್ತುವ ಬೆಳಕು ತುಸು ಹೆಚ್ಚೋ, ಬಲಕ್ಕೆ ಸುತ್ತುವುದು ತುಸು ಹೆಚ್ಚೋ ಎಂಬುದನ್ನು ಅಳೆಯಬೇಕು. ನನಗೆ ಬೇಕಾಗಿದ್ದದ್ದು ಆ ಒಂದು ಅಳತೆ. ಒಂದು ಸಂಶೋಧನಾ ಸಂಸ್ಥೆಯಲ್ಲಿ ಇದೇ ವಿಷಯದ ಗುಂಪೊಂದು ವರ್ಷಕ್ಕೊಬ್ಬರನ್ನು ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತಿತ್ತು. ಸಂದರ್ಶನ ದಸರೆಯ ನಂತರ. ನನ್ನ ಅಣುವಿನ ಬೆಳಕು ಯಾವ ಕಡೆ ಎಷ್ಟು ವಾಲುತ್ತದೆ ಎಂದು ಹೇಳಬಲ್ಲೆನಾದರೆ ನನ್ನ ಹೆಸರಿಗೆ ತೂಕ ಬರುತ್ತಿತ್ತು. ಇಲ್ಲವಾದರೆ ನಾನು ಸೆಮಿಸ್ಟರ್ ಮುಗಿದೊಡನೆ ಕೆಲಸ ಮುಗಿಯುವ ಅತಿಥಿ ಉಪನ್ಯಾಸಕಿ, ಅಷ್ಟೆ. ಅಳೆಯುವ ಯಂತ್ರಗಳು ಕೆಲವೇ ಕಡೆ ಇದ್ದವು. ವಿಚಾರಿಸಿದಾಗ, ಶೀಶೆ ಕಳಿಸಿ, ಸರದಿ ಬಂದಾಗ ನೋಡುತ್ತೇವೆ ಎಂದರು. ಆ ಸರದಿ ಸಂದರ್ಶನ ಮುಗಿದ ಮೇಲೆ ಬರುವಂಥದ್ದು.

ಇದನ್ನು ನಾನು ಹೇಳಿದ್ದು ಜೋಶಿ ಸರ್ ಒಬ್ಬರಿಗೇ. ಅವರದು ಸವದತ್ತಿ ಹತ್ತಿರದ ಹೂಲಿ, ಪೂಜೆ-ಪಾಠದ ಮನೆತನ. ಅಣ್ಣ ಗುಡಿಯ ಪೂಜೆಯಲ್ಲಿ ಉಳಿದರೆ, ಇವರು ದೂರದ ನಗರದ ಪ್ರಯೋಗಾಲಯವೊಂದರಲ್ಲಿ ಬೆಳಕಿನ ಉಪಕರಣ ಕಟ್ಟುತ್ತ ಇಡೀ ಸೇವೆ ಕಳೆದು, ನಿವೃತ್ತರಾಗಿ ಊರಿಗೆ ಮರಳಿ, ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ದಿನವೂ ಬಸ್ಸಿನಲ್ಲಿ ಬಂದು ಕೂರುತ್ತಿದ್ದರು. ನನ್ನ ಮಾತು ಮುಗಿಯುವ ತನಕ ಕೇಳಿ, ಚಹಾದ ಕಪ್ಪು ಕೆಳಗಿಟ್ಟು ಅವರು ಹೇಳಿದ್ದು ಇಷ್ಟು:

"ಅಲ್ಲಿ ಹೋಗಿ ಪಾಳಿ ಯಾಕ ಹಚ್ತೀ? ಇಲ್ಲೇ ಒಂದು ಕಟ್ಟೋಣು."

ಹಳೆಯ ಪ್ರಯೋಗಾಲಯದವರು ಗುಜರಿಗೆ ಹಾಕಿದ್ದ, ಬೆಳಕನ್ನು ಕಣಕಣವಾಗಿ ಎಣಿಸುವ ಒಂದು ನಳಿಗೆ ಅವರ ಹತ್ತಿರ ಇತ್ತು. ಅದೇ ನಮ್ಮ ಬಂಡವಾಳ. ಉಳಿದದ್ದು ಸರಳ. ಕಪ್ಪು ಬಣ್ಣ ಬಳಿದ ಒಂದು ಮರದ ಪೆಟ್ಟಿಗೆ. ಒಂದು ಬದಿಯಿಂದ ನೇರಳಾತೀತ ದೀಪ. ನಡುವೆ ಅಣುವಿನ ದ್ರಾವಣ ತುಂಬಿದ ಚೌಕಾಕಾರದ ಗಾಜಿನ ತೊಟ್ಟಿ, ಬೆರಳಿನಷ್ಟು ಎತ್ತರದ್ದು. ಅದರ ಹೊಳಪು ಒಂದು ಮಸೂರ ದಾಟಿ, ತಿರುಗುವ ತಟ್ಟೆಯ ಮೂಲಕ ನಳಿಗೆಗೆ ಹೋಗಬೇಕು. ತಟ್ಟೆಯಲ್ಲಿ ಎರಡು ಕಿಟಕಿ. ಒಂದು ಎಡಕ್ಕೆ ಸುತ್ತುವ ಬೆಳಕನ್ನಷ್ಟೇ ಬಿಡುತ್ತದೆ, ಇನ್ನೊಂದು ಬಲಕ್ಕೆ ಸುತ್ತುವುದನ್ನು. ತಟ್ಟೆ ತಿರುಗಿದಂತೆ ಎಡ, ಬಲ, ಎಡ, ಬಲ ಎಂದು ಎಣಿಕೆ ನಡೆಯುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಉತ್ತರ.

ಕಿಟಕಿಗೆ ಹಾಕುವ ಹಾಳೆಯನ್ನು ಕತ್ತರಿಸಿಕೊಳ್ಳುವುದು ತ್ರೀಡಿ ಕನ್ನಡಕದಿಂದ. ಸಿನಿಮಾದಲ್ಲಿ ಒಂದು ಕಣ್ಣಿಗೆ ಎಡದ ಬೆಳಕು, ಇನ್ನೊಂದಕ್ಕೆ ಬಲದ ಬೆಳಕು ಕಳಿಸುವುದರಿಂದಲೇ ಚಿತ್ರಕ್ಕೆ ಆಳ ಬರುವುದು. ಆದರೆ ಎಲ್ಲ ಕನ್ನಡಕಗಳೂ ಈ ಜಾತಿಯವಲ್ಲ. ನಾನು ಮೊದಲು ತರಿಸಿದ ಪೊಟ್ಟಣದವು ಬೇರೆ. ಅವನ್ನು ಹಾಕಿಕೊಂಡು ಕನ್ನಡಿ ನೋಡಿದರೆ ಮುಚ್ಚಿದ ಕಣ್ಣೇ ಕಪ್ಪಾಗುತ್ತಿತ್ತು. ಎರಡನೆಯ ಪೊಟ್ಟಣ ಬಂದ ದಿನ ಸಿಬ್ಬಂದಿ ಕೋಣೆಯ ಕನ್ನಡಿಯ ಮುಂದೆ ಜೋಶಿ ಸರ್ ನಿಂತು ಒಂದಾದ ಮೇಲೊಂದು ಕಣ್ಣು ಮುಚ್ಚುತ್ತಿದ್ದಾಗ, ನೆಲ ಒರೆಸಲು ಬಂದ ಮಹಾದೇವಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಆಕೆ ವಿಜ್ಞಾನ ವಿಭಾಗದ ಅಟೆಂಡರ್. ಸವದತ್ತಿಯಲ್ಲಿ ಹುಟ್ಟಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದವಳು, ಯಾರಿಗೂ ಹೆದರದವಳು.

"ಅಕ್ಕಾರ, ಸರ್ ಈ ವಯಸ್ಸಿನ್ಯಾಗ ಯಾರಿಗೆ ಕಣ್ಣ ಹೊಡ್ಯಾಕ ಹತ್ಯಾರ್ರಿ?" ಎಂದು ನನ್ನನ್ನು ಕೇಳಿದಳು.

"ನನಗಽ ಹೊಡ್ಕೊಳ್ಳಿಕತ್ತೀನಿ," ಎಂದರು ಸರ್, ತಿರುಗದೆ. "ಉತ್ತರ ಬರವಲ್ದು."

ಆ ದಿನದಿಂದ ಪೆಟ್ಟಿಗೆ ಮಹಾದೇವಕ್ಕನದೂ ಆಯಿತು. ಬೆಳಕು ಸುತ್ತುವುದೆಂದರೇನು ಎಂದು ಕೇಳಿದಳು. ಆಕೆ ಮಧ್ಯಾಹ್ನದ ಬಿಡುವಿನಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ನಾನು ಒಂದು ಬತ್ತಿ ಎತ್ತಿ ಹುರಿ ತೋರಿಸಿದೆ. ಅವಳು ಅದನ್ನು ಬುಡಮೇಲು ಮಾಡಿ ಹಿಡಿದು, ಹೇಗೆ ಹಿಡಿದರೂ ಹುರಿ ಅದೇ ಕಡೆಗೇ ಇದೆಯಲ್ಲ ಎಂದಳು. ಕನ್ನಡಿಯಲ್ಲಿ ಹಿಡಿದು ತೋರಿಸಿದೆ. ಅಲ್ಲಿ ಮಾತ್ರ ಹುರಿ ಇನ್ನೊಂದು ಕಡೆಗಿತ್ತು. ಅವಳು ಬಹಳ ಹೊತ್ತು ಬತ್ತಿಯನ್ನೂ ಕನ್ನಡಿಯನ್ನೂ ನೋಡಿದಳು. ನಾನು ಅಲ್ಲಿಯವರೆಗೆ ಬಿ.ಎಸ್ಸಿ. ತರಗತಿಯಲ್ಲಿ ಎಡಗೈ-ಬಲಗೈ ಎಂದು ಹೇಳುತ್ತಿದ್ದೆ. ಮರುವಾರದಿಂದ ಬತ್ತಿ ಒಯ್ಯತೊಡಗಿದೆ.

ಆ ವರ್ಷ ಶ್ರಾವಣ ಪೂರ್ತಿ ಜಿಟಿಜಿಟಿ. ಹೊಲಗಳ ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲೇಜಿನ ಮೆಟ್ಟಿಲ ತನಕ ಬರುತ್ತಿತ್ತು. ಹೆಸರುಕಾಯಿ ಬಿಡಿಸಿದವರು ಬಿಸಿಲು ಬಿದ್ದ ಅರ್ಧ ಗಂಟೆಗೆ ರಸ್ತೆಯ ಮೇಲೆ ಹರವಿ, ಮತ್ತೆ ಮೋಡ ಕವಿದೊಡನೆ ಬಳಿದು ತುಂಬುತ್ತಿದ್ದರು. ನಮ್ಮದೂ ಅದೇ ಪಾಡು. ಪೆಟ್ಟಿಗೆಯೊಳಗೆ ತೇವ ಸೇರಿ ಮಸೂರದ ಮೇಲೆ ಮಂಜು ಹಿಡಿಯುತ್ತಿತ್ತು. ತೇವ ಹೀರುವ ಹರಳುಗಳನ್ನು ಬಾಣಲೆಯಲ್ಲಿ ಹುರಿದು ಪೆಟ್ಟಿಗೆಯ ಮೂಲೆಗಳಲ್ಲಿ ಇಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವು ಮತ್ತೆ ಬಣ್ಣ ಬದಲಿಸುತ್ತಿದ್ದವು. ತಟ್ಟೆ ತಿರುಗಿಸಲು ಹಾಕಿದ್ದ ಹೊಲಿಗೆ ಯಂತ್ರದ ಮೋಟಾರು ಕರೆಂಟು ಇಳಿದಾಗಲೆಲ್ಲ ನಿಧಾನಗೊಂಡು ಎಣಿಕೆ ಕೆಡಿಸುತ್ತಿತ್ತು. ಸರ್ ಬರುವ ಬಸ್ಸು ಮಳೆಗೆ ತಡವಾದ ದಿನ ನಾನೊಬ್ಬಳೇ ಒಂದೊಂದು ತೊಂದರೆಯ ಬೆನ್ನು ಹತ್ತುತ್ತಿದ್ದೆ. ಹೇಳಿದರೆ ವಿಚಿತ್ರ, ಆ ದಿನಗಳು ನನಗೆ ಬೇಸರ ತರಿಸಲಿಲ್ಲ. ಪ್ರತಿ ತೊಂದರೆಗೂ ಒಂದು ಕಾರಣವಿತ್ತು, ಹುಡುಕಿದರೆ ಸಿಗುತ್ತಿತ್ತು.

ಯಂತ್ರ ನಿಜ ಹೇಳುತ್ತದೆಯೇ ಎಂದು ನೋಡಲು ಉತ್ತರ ಮೊದಲೇ ಗೊತ್ತಿರುವ ಒಂದು ವಸ್ತು ಬೇಕು. ಇಡೀ ಜಗತ್ತಿನಲ್ಲಿ ಇದಕ್ಕೆ ಬಳಸುವುದು ಕರ್ಪೂರದಿಂದ ಮಾಡಿದ, ಯುರೋಪಿಯಂ ಎಂಬ ಲೋಹ ಸೇರಿದ ಒಂದು ಪುಡಿ. ಕೆಂಪಗೆ ಹೊಳೆಯುತ್ತದೆ, ಎಡ-ಬಲದ ವ್ಯತ್ಯಾಸ ಬಹಳ ದೊಡ್ಡದು. ಸರ್ ತಮ್ಮ ಹಳೆಯ ಶಿಷ್ಯರೊಬ್ಬರಿಂದ ತುಸು ತರಿಸಿಕೊಟ್ಟರು. ಮಳೆ ಹಿಂದೆಗೆದು, ಸೋಯಾ ಒಕ್ಕುವ ಸದ್ದು ಊರ ಸುತ್ತ ಶುರುವಾದ ಮೇಲೆ, ದಸರೆಯ ನವಮಿಯ ಹಿಂದಿನ ದಿನ, ಆ ಪುಡಿಯ ಉತ್ತರ ಪುಸ್ತಕದಲ್ಲಿದ್ದ ಹಾಗೆಯೇ ಬಂತು. ಅಂದೇ ಬರಿಯ ದ್ರಾವಕ ಹಾಕಿಯೂ ನೋಡಿದ್ದೆವು. ಕತ್ತಲೆ, ಎಣಿಕೆ ಹೆಚ್ಚುಕಡಿಮೆ ಸೊನ್ನೆ. ಪೆಟ್ಟಿಗೆ ಸಿದ್ಧವಾಗಿತ್ತು.

ಮರುದಿನ ಖಂಡೇನವಮಿ. ನಮ್ಮ ಕಡೆ ಅಂದು ಕುಡಗೋಲಿನಿಂದ ಟ್ರ್ಯಾಕ್ಟರಿನ ತನಕ ದುಡಿಯುವ ಎಲ್ಲದಕ್ಕೂ ಪೂಜೆ. ಪ್ರಯೋಗಾಲಯದ ತಕ್ಕಡಿಗೆ, ಸೂಕ್ಷ್ಮದರ್ಶಕಕ್ಕೆ ಮಹಾದೇವಕ್ಕ ಪ್ರತಿ ವರ್ಷ ಪೂಜೆ ಮಾಡುತ್ತಿದ್ದಳು. ಈ ಸಲ ಪೆಟ್ಟಿಗೆಗೆ ಮೊದಲ ಮಾನ. ನಾನು ಚೆಂಡುಹೂ ಇಟ್ಟೆ. ಸರ್ ಮನೆತನದ ರೂಢಿಯಂತೆ ಮಂತ್ರ ಹೇಳಿದರು. ಅವಳು ಸವದತ್ತಿ ಗುಡ್ಡದಿಂದ ತಂದಿದ್ದ ಭಂಡಾರವನ್ನು, ಅಂದರೆ ದೇವಿಗೆ ಏರಿಸಿದ ಅರಿಷಿಣವನ್ನು, ದೀಪದ ಎಣ್ಣೆಯಲ್ಲಿ ಕಲಸಿ ಎಲ್ಲದಕ್ಕೂ ಹಚ್ಚಿದಳು. ನಮ್ಮ ಹಣೆಗೂ ಹಚ್ಚಿದಳು. ಆಮೇಲೆ ರಜೆ.

ದಶಮಿಯ ಬನ್ನಿ ಹಬ್ಬ ಮುಗಿಸಿ ರಾಮದುರ್ಗದಿಂದ ಮರಳಿದ ದಿನವೇ ನನ್ನ ಮೊದಲ ಶೀಶೆಯನ್ನು ಅಳೆದೆವು. ಅಣು ಹಸಿರಾಗಿ ಹೊಳೆಯುವುದರಿಂದ ಹಸಿರು ಬಣ್ಣದ ಸೋಸುಗಾಜು ಹಾಕಿದೆವು. ಎಣಿಕೆ ಎಡಕ್ಕೆ ವಾಲಿತು. ಸಣ್ಣದಲ್ಲ, ಅನುಮಾನಕ್ಕೆ ಎಡೆಯಿಲ್ಲದಷ್ಟು. ನಾನು ಸಾಮಾನ್ಯವಾಗಿ ಯಾರಿಗೂ ಏನನ್ನೂ ಮುಂಚೆ ಹೇಳುವವಳಲ್ಲ. ಅಂದು ಅಪ್ಪನಿಗೆ ಫೋನು ಮಾಡಿದೆ. ಸಂಜೆ ಅವರೇ ಮತ್ತೆ ಮಾಡಿದರು.

"ನಿನ್ನ ಬೆಳಕು ಎಡಕ್ಕ ತಿರಗತೈತಂತ ಅಂಗಡಿಗೆ ಬಂದವ್ರಿಗೆಲ್ಲಾ ಹೇಳೇನವಾ," ಎಂದರು. "ಯಾರಿಗೂ ತಿಳೀಲಿಲ್ಲ. ಆದ್ರ ಎಲ್ಲಾರೂ ಚೊಲೊ ಆತು ಅಂದ್ರು."

ಸಂದರ್ಶನಕ್ಕೆ ಎರಡು ದಿನ ಉಳಿದಿತ್ತು. ಮರುದಿನ ಸರ್ ಬಸ್ಸಿಳಿದು ಬಂದವರೇ ಕೇಳಿದ್ದು ಇನ್ನೊಂದು ಶೀಶೆಯನ್ನು. ಅದು ಕನ್ನಡಿಯ ಬಿಂಬ, ಆದ್ದರಿಂದ ಅಷ್ಟೇ ಪ್ರಮಾಣದಲ್ಲಿ ಬಲಕ್ಕೆ ವಾಲಬೇಕು. ತೊಟ್ಟಿ ತೊಳೆದು, ತುಂಬಿ, ಪರದೆ ಎಳೆದೆ. ಎಣಿಕೆ ಎಡಕ್ಕೆ ವಾಲಿತು. ಮೊದಲನೆಯದರಷ್ಟೇ.

ಶೀಶೆ ಅದಲುಬದಲಾಗಿರಬಹುದೆಂದು ಮತ್ತೆ ಎರಡನ್ನೂ ಅಳೆದೆ. ಎರಡೂ ಎಡ.

ಸರ್ ಕುರ್ಚಿಗೆ ಒರಗಿ ಹೇಳಿದರು: "ಒಬ್ಬಾಕಿ ಎಡಕ್ಕ ಅಂದ್ರ ಇನ್ನೊಬ್ಬಾಕಿ ಬಲಕ್ಕ ಅನ್ನಬೇಕು. ಇಬ್ಬರೂ ಒಂದಽ ಮಾತು ಹೇಳಿದ್ರ, ಮಾತಾಡಿದವರು ಅವರಲ್ಲವಾ. ನಮ್ಮ ಪೆಟಿಗಿ."

ಕರ್ಪೂರದ ಪುಡಿಯನ್ನು ಮತ್ತೆ ಹಾಕಿದೆವು. ಅದು ಸರಿಯಾಗಿಯೇ ಬಂತು. ಇದು ಇನ್ನೂ ದೊಡ್ಡ ಗೊಂದಲ. ಕೆಂಪಿಗೆ ನಿಜ ಹೇಳುವ ಪೆಟ್ಟಿಗೆ ಹಸಿರಿಗೆ ಏಕೆ ಸುಳ್ಳು ಹೇಳಬೇಕು? ಸರ್ ಮೋಟಾರು ಬಿಚ್ಚಲು ಹೊರಟರು. ನಾನು ಬರಿಯ ದ್ರಾವಕ ಹಾಕಿ ನೋಡೋಣ ಎಂದೆ. ಹಬ್ಬದ ಮೊದಲು ಕತ್ತಲೆಯಾಗಿದ್ದ ಜಾಗದಲ್ಲಿ ಈಗ ಬೆಳಕಿತ್ತು, ಅದೂ ಎಡಕ್ಕೆ ಇನ್ನೂ ಹೆಚ್ಚು ವಾಲಿದ ಬೆಳಕು. ತೊಟ್ಟಿಯನ್ನೇ ಹೊರಗೆ ತೆಗೆದೆ. ಆಗಲೂ ಬೆಳಕು. ಏನೂ ಇಲ್ಲದ ಕಡೆಯಿಂದ ಯಾವುದೋ ಹೊಳೆಯುತ್ತಿತ್ತು.

ಆ ಗಳಿಗೆಯಲ್ಲಿ ನನಗೆ ಸಂದರ್ಶನ ಮರೆತೇ ಹೋಯಿತು. ನಳಿಗೆಯ ಕಣ್ಣು ಮುಚ್ಚಿ, ರಕ್ಷಣೆಯ ಕನ್ನಡಕ ಹಾಕಿಕೊಂಡು, ಕಿಟಕಿಗಳ ಪರದೆ ಪೂರ್ತಿ ಎಳೆದು, ದೀಪ ಉರಿಯುತ್ತಿರುವಾಗಲೇ ಮುಚ್ಚಳ ತೆಗೆದು ಒಳಗೆ ಬಗ್ಗಿದೆ. ತೊಟ್ಟಿ ಕೂರುವ ಕಪ್ಪು ಹಿಡಿಕೆಯ ಮೂಲೆಯಲ್ಲಿ, ತೊಗರಿಬೇಳೆಯಷ್ಟು ಅಗಲದ ಒಂದು ಬೊಟ್ಟು ಹಸಿರು-ಹಳದಿಯಾಗಿ ಹೊಳೆಯುತ್ತಿತ್ತು. ಕೈ ಹಾಕಿದೆ. ನನ್ನ ಉಗುರಿನ ಅಂಚು ಕೂಡ ಹಾಗೆಯೇ ಹೊಳೆಯಿತು. ಹಬ್ಬದಡುಗೆಯ ಅರಿಷಿಣ ಇನ್ನೂ ಹೋಗಿರಲಿಲ್ಲ.

ಮಹಾದೇವಕ್ಕನನ್ನು ಕರೆದೆ. ಅವಳು ಮುಚ್ಚುಮರೆ ಮಾಡಲಿಲ್ಲ.

"ಹಚ್ಚೇನ್ರಿ. ಮ್ಯಾಲಿನ ಡಬ್ಬಿಗಷ್ಟ ಪೂಜಿ ಮಾಡಿದ್ರ ಒಳಗ ದುಡಿಯೂದಕ್ಕ ಮುಟ್ಟತೈತೇನ್ರಿ ಅಕ್ಕಾರ?"

ಕೋಣೆ ಕತ್ತಲೆಯಾಗಿಯೇ ಇತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಲು ಹೇಳಿ, ಕೈದೀಪದ ನೇರಳಾತೀತ ಬೆಳಕನ್ನು ಒಂದು ಕ್ಷಣ ಅವಳ ಕಡೆ ಹಿಡಿದೆ. ದಿನವೂ ಅರಿಷಿಣ ಹಚ್ಚುವ ಹಣೆ, ಎರಡೂ ಕೆನ್ನೆ, ಕುತ್ತಿಗೆಯ ದಾರ, ಬೆರಳುಗಳು ಎಲ್ಲವೂ ಹಸಿರಾಗಿ ಬೆಳಗಿದವು. ಜೋಶಿ ಸರ್ "ಅಬ್ಬಬ್ಬಾ" ಎಂದು ಮೆಲ್ಲಗೆ ಅಂದರು. ಆಮೇಲೆ ಫೋನಿನಲ್ಲಿ ಚಿತ್ರ ತೋರಿಸಿದಾಗ ಅವಳು ಇದನ್ನು ಮಗಳಿಗೆ ಕಳಿಸಿಕೊಡಿ ಎಂದಳು. ಅಳತೆ ಕೆಟ್ಟಿದ್ದು ಇದರಿಂದ ಎಂದು ತಿಳಿದ ಮೇಲೆ ಕೇಳಿದ ಮಾತು ಒಂದೇ: "ದೇವರದು ತಪ್ಪೇನಲ್ಲಲ್ರಿ?"

"ದೇವರದೂ ಅಲ್ಲ, ನಿಂದೂ ಅಲ್ಲ," ಎಂದರು ಸರ್. "ಮಂತ್ರ ಹೇಳಿದಾಂವ ನಾನು. ಒಳಗ ಹಚ್ಚಬ್ಯಾಡ ಅಂತ ಮಂತ್ರದಾಗ ಇರಲಿಲ್ಲ."

ಅರಿಷಿಣ ಹೊಳೆಯುವುದು ತಿಳಿಯಿತು. ಅದು ಎಡಕ್ಕೆ ವಾಲಿದ್ದೇಕೆ? ಅರಿಷಿಣದ ಅಣುವಿಗೆ ಎಡ-ಬಲ ಇಲ್ಲ. ತಟ್ಟೆ ಬಿಚ್ಚಿ ನೋಡಿದೆವು. ಹಾಳೆ ಕತ್ತರಿಸುವಾಗ ತಪ್ಪಿ ಬಲದ ಕಿಟಕಿಯ ಅಂಚು ಕೂದಲೆಳೆಯಷ್ಟು ಒಳಗೆ ಬಂದಿತ್ತು. ನಟ್ಟನಡುವಿನಿಂದ ಬರುವ ಬೆಳಕಿಗೆ ಅದು ಅಡ್ಡಿಯಲ್ಲ. ಮೂಲೆಯ ಬೊಟ್ಟಿನಿಂದ ಓರೆಯಾಗಿ ಬರುವ ಬೆಳಕನ್ನು ಮಾತ್ರ ಅದು ತಡೆಯುತ್ತಿತ್ತು. ಕರ್ಪೂರದ ಪುಡಿಗೆ ಕೆಂಪು ಸೋಸುಗಾಜು ಹಾಕಿದ್ದರಿಂದ ಅಲ್ಲಿ ಅರಿಷಿಣದ ಹಸಿರು ಒಳಗೆ ಬಂದೇ ಇರಲಿಲ್ಲ. ಎಲ್ಲವೂ ಒಂದರ ಪಕ್ಕ ಒಂದು ಕೂತಿತು. ನನಗೆ ಆದ ಸಂತೋಷ ಹಿಂದಿನ ದಿನದ್ದಕ್ಕಿಂತ ಹೆಚ್ಚಿನದಾಗಿತ್ತು ಎಂದರೆ ಅಪ್ಪ ನಂಬಲಿಕ್ಕಿಲ್ಲ.

ಸ್ಪಿರಿಟ್ಟಿನಲ್ಲಿ ಹಿಡಿಕೆ ತೊಳೆದು, ಹೊಸ ಹಾಳೆ ಕತ್ತರಿಸಿ, ಮರುದಿನ ಮಧ್ಯಾಹ್ನದೊಳಗೆ ಎರಡೂ ಶೀಶೆಗಳನ್ನು ಮತ್ತೆ ಅಳೆದೆವು. ಎಡವೂ ಇಲ್ಲ, ಬಲವೂ ಇಲ್ಲ. ಎಣಿಕೆಯ ಎರಡು ಗೆರೆಗಳೂ ಸೊನ್ನೆಯ ಸುತ್ತ ನಡುಗುತ್ತ ಮಲಗಿದ್ದವು. ಸಂದರ್ಶನಕ್ಕೆ ಎರಡು ಗಂಟೆಯಿತ್ತು, ಕಂಪ್ಯೂಟರಿನ ಮೂಲಕ, ಅದೇ ಕೋಣೆಯಿಂದ.

ಏನು ಹೇಳುತ್ತೀ ಎಂದು ಸರ್ ಕೇಳಿದರು. ಇದ್ದದ್ದನ್ನು ಎಂದೆ. ಅವರು ತಲೆಯಾಡಿಸಿ, ಚಹಾ ತರುವ ನೆವ ಮಾಡಿ ಹೊರಗೆ ಹೋದರು.

ಎದುರಿಗೆ ಮೂವರಿದ್ದರು. ನನ್ನ ಅಣುವಿನ ಬೆಳಕು ಯಾವ ಕಡೆಗೆ ಎಂದು ಮೊದಲ ಪ್ರಶ್ನೆಯೇ ಬಂತು. ನಮ್ಮ ಪೆಟ್ಟಿಗೆಗೆ ಕಾಣಲಿಲ್ಲ ಎಂದೆ. ಒಬ್ಬರು ಏನೋ ಬರೆದುಕೊಂಡು ಮುಂದಿನ ಪುಟ ತಿರುಗಿಸಿದರು. ಅಲ್ಲಿಗೆ ಮುಗಿಯಿತು ಅನ್ನಿಸಿತು. ನಡುವೆ ಕೂತಿದ್ದ, ತಲೆ ನೆರೆತ ಮಹಿಳೆ ಮಾತ್ರ, ಎಷ್ಟು ಸಣ್ಣದಾದರೆ ನಿಮ್ಮ ಪೆಟ್ಟಿಗೆಗೆ ಕಾಣುವುದಿಲ್ಲ ಎಂದು ಕೇಳಿದರು. ಅದು ನನಗೆ ಗೊತ್ತಿತ್ತು. ನೂರರಲ್ಲಿ ಒಂದಕ್ಕಿಂತ ಕಡಿಮೆಯಾದರೆ ನಾನು ಇದೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದೆ. ಅದು ಹೇಗೆ ಗೊತ್ತು ಎಂದರು. ಅದಕ್ಕೆ ಅರಿಷಿಣದ ಕಥೆ ಹೇಳಬೇಕಾಯಿತು. ಬರೆದುಕೊಳ್ಳುತ್ತಿದ್ದವರು ನಕ್ಕರು. ಆಕೆ ನಗಲಿಲ್ಲ. ಯಾವ ಕಿಟಕಿಯ ಅಂಚು, ಎಷ್ಟು ಓರೆ, ಕೆಂಪಿಗೆ ಏಕೆ ತಟ್ಟಲಿಲ್ಲ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, ಇನ್ನೂ ಹೆಚ್ಚು ಹೊತ್ತು ಎಣಿಸಿದ್ದರೆ ಎಂದರು. ಇನ್ನೂ ಸಣ್ಣದು ಕಾಣುತ್ತಿತ್ತು, ನನಗೆ ಹೊತ್ತು ಸಾಲಲಿಲ್ಲ ಎಂದೆ.

ಸಂಜೆ ಆ ಮಹಿಳೆಯೇ ಫೋನು ಮಾಡಿದರು. ಅಣು ತಯಾರಿಸುವ ಜಾಗಕ್ಕೆ ಬೇರೊಬ್ಬರನ್ನು ಆರಿಸಿದ್ದಾರೆ. ಆದರೆ ತಮ್ಮಲ್ಲಿ ಈ ಬೆಳಕನ್ನು ಅಳೆಯುವ ಒಂದು ದೊಡ್ಡ ಯಂತ್ರವಿದೆ, ಎಲ್ಲರೂ ಅದರ ಗುಂಡಿ ಒತ್ತುತ್ತಾರೆ, ಅದರ ಒಳಗೆ ನೋಡುವವರು ಯಾರೂ ಇಲ್ಲ. ಆ ಕೆಲಸದ ಮೇಲೆಯೇ ಪಿಎಚ್.ಡಿ. ಮಾಡಲು ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ.

ಅಪ್ಪನಿಗೆ, ಎಡಕ್ಕೆ ತಿರುಗಲಿಲ್ಲ, ಆದರೂ ಸಿಕ್ಕಿತು ಎಂದು ಹೇಳಿದೆ. ಅಂಗಡಿಯವರಿಗೆ ಈಗ ಏನು ಹೇಳಲಿ ಎಂದು ಅವರು ಸ್ವಲ್ಪ ಚಿಂತೆ ಮಾಡಿದರು. ಜೋಶಿ ಸರ್ ಸಾಯಂಕಾಲದ ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು:

"ಚೊಲೊ ಆತು. ಇನ್ನ ನಿನ್ನ ಅಣು ಎಡ ಇದ್ರೇನು, ಬಲ ಇದ್ರೇನು. ಬಿಡು ಅದನ್ನ."

ಮರುದಿನ ಬೆಳಿಗ್ಗೆ ಮಹಾದೇವಕ್ಕ ಬಾಗಿಲು ತೆರೆಯುವ ಹೊತ್ತಿಗೇ ಕಾಲೇಜಿಗೆ ಹೋದೆ. ಮೊದಲು ಬರಿಯ ದ್ರಾವಕ ಹಾಕಿ ಕತ್ತಲೆ ಇದೆಯೆಂದು ನೋಡಿಕೊಂಡೆ. ಆಮೇಲೆ ಎಡದ ಶೀಶೆಯಿಂದ ತೊಟ್ಟಿ ತುಂಬಿ ಒಳಗಿಟ್ಟು ಮುಚ್ಚಳ ಮುಚ್ಚಿದೆ. ಎಣಿಕೆಯ ಅವಧಿಯನ್ನು ಹತ್ತು ನಿಮಿಷದ ಬದಲು ಸಂಜೆಯವರೆಗೆ ಇಟ್ಟು, ಮೋಟಾರು ಹಚ್ಚಿ, ಪರದೆ ಎಳೆದು, ಮೊದಲ ವರ್ಷದವರ ತರಗತಿಗೆ ಹೋದೆ.